ದಿನಕ್ಕೆ ಹತ್ತು ಅಂಗುಲ: ಬಾಸ್ ಇಲ್ಲದವರ ದಿನಚರಿಯ ಒಂದು ಹಳೇ ಕಥೆ

ಇವತ್ತಿನ ಮಾತು ಚೆನ್ನೈನಲ್ಲಿರೋ ನಮ್ಮಂಥ ಕನ್ನಡಿಗರಿಗೆ. ಅದರಲ್ಲೂ ಕಂಪನಿ ಬಿಟ್ಟು ಸ್ವಂತವಾಗಿ ದುಡೀತಿರೋರಿಗೆ, ಇಲ್ಲಾ ಬಿಡೋಣವಾ ಬೇಡವಾ ಅಂತ ತೂಗಿ ನೋಡ್ತಿರೋರಿಗೆ. ವಿಡಿಯೋದಲ್ಲಿ ಆಡಿದ ಮಾತನ್ನೇ ಇಲ್ಲಿ ಓದೋಕೆ ಅನುಕೂಲವಾಗೋ ಹಾಗೆ ಬರೆದಿದ್ದೀನಿ.

ನಾನು ಶೋಲಿಂಗನಲ್ಲೂರಿನಲ್ಲಿ ಮನೆಯಿಂದಲೇ ಕೆಲಸ ಮಾಡೋನು. ಸಾಫ್ಟ್‌ವೇರ್ ಕಂಪನಿಗಳಿಗೆ ಕೈಪಿಡಿ ಬರೆದುಕೊಡೋದು ಕಸುಬು. ನನ್ನ ಹಾಗೆ ಕೆಲಸ ಮಾಡೋ ಗೆಳೆಯರು ಸೇರಿದಾಗ ಬರೋ ಮಾತು ಒಂದೇ: ಕೆಲಸ ಗೊತ್ತಿದೆ, ಗಿರಾಕಿಗಳೂ ಇದ್ದಾರೆ, ಆದರೆ ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ಕುರ್ಚಿ ಮೇಲೆ ಕೂರೋದೇ ಕಷ್ಟ. ಆಫೀಸಿನಲ್ಲಿ ಸ್ಟ್ಯಾಂಡಪ್ ಮೀಟಿಂಗ್ ಇತ್ತು, ಮ್ಯಾನೇಜರ್ ಇದ್ದರು, ತಿಂಗಳ ಕೊನೆಗೆ ಸಂಬಳ ಬಿತ್ತು ಅನ್ನೋ ಎಸ್ಸೆಮ್ಮೆಸ್ ಬರ್ತಿತ್ತು. ಇಲ್ಲಿ ಕೇಳೋರಿಲ್ಲ. ಕೇಳೋರಿಲ್ಲದ ಕೆಲಸ ನಾಳೆಗೆ ಹೋಗತ್ತೆ, ನಾಳೆ ನಾಡಿದ್ದಾಗತ್ತೆ, ಮೂರು ತಿಂಗಳಲ್ಲಿ ಮನೆ ಬಾಡಿಗೆಗೇ ಕುತ್ತು ಬರತ್ತೆ.

ಇದಕ್ಕೆ ಈಗ ಎಲ್ಲರೂ ಹೇಳೋ ಮದ್ದು ಚಾಲೆಂಜ್. 21 ದಿನ ಬೆಳಗ್ಗೆ ಐದಕ್ಕೆ ಏಳಿ, 30 ದಿನ ದಿನಕ್ಕೊಂದು ಪೋಸ್ಟ್ ಹಾಕಿ, 100 ದಿನ ಕೋಡ್ ಬರೀರಿ. ಇದು ಅಮೆರಿಕದಿಂದ ಫೋನಿನೊಳಗೆ ಇಳಿದು ಬಂದ ಹೊಸ ಫ್ಯಾಷನ್ ಅಂತ ಅನ್ನಿಸಬಹುದು. ಆದರೆ ಸುಮಾರು ತೊಂಬತ್ತು ವರ್ಷದ ಹಿಂದೆ ಮೈಸೂರಿನಲ್ಲಿ ಕೂತು, ಮದ್ರಾಸಿನ ದುಡ್ಡು ನಂಬಿಕೊಂಡು, ಇದೇ ಕೆಲಸವನ್ನ ಒಬ್ಬರು ಮಾಡಿದ್ದರು. ಅವರನ್ನ ನಾವೆಲ್ಲ ಶಂಕರ್ ನಾಗ್ ಕೃಪೆಯಿಂದ ಬಲ್ಲೆವು. ಆರ್. ಕೆ. ನಾರಾಯಣ್.

ನಾರಾಯಣ್ ಹುಟ್ಟಿದ್ದು ಇದೇ ಊರಿನಲ್ಲಿ, 1906ರ ಅಕ್ಟೋಬರ್ 10ಕ್ಕೆ. ಪುರಸವಾಕ್ಕಂನಲ್ಲಿ ಅಜ್ಜಿ ಮನೆಯಲ್ಲಿ ಬೆಳೆದರು. ಅಪ್ಪ ಮೈಸೂರಿನಲ್ಲಿ ಹೈಸ್ಕೂಲ್ ಹೆಡ್‌ಮಾಸ್ಟರ್ ಆದ ಮೇಲೆ ಅಲ್ಲಿಗೆ ಹೋದರು. ಬಿ.ಎ. ಮುಗಿಸೋಕೆ ಅವಸರ ಮಾಡಲಿಲ್ಲ. ಚನ್ನಪಟ್ಟಣದಲ್ಲಿ ಸರ್ಕಾರಿ ಮೇಷ್ಟ್ರ ಕೆಲಸ ಸಿಕ್ಕಿತು, ಕೆಲವೇ ದಿನಗಳಲ್ಲಿ ಬಿಟ್ಟು ಬಂದರು. ಬರೆದೇ ಬದುಕ್ತೀನಿ ಅಂದರು. ಆಗಿನ ಕಾಲಕ್ಕೆ, ದೊಡ್ಡ ಸಂಸಾರದ ಮನೆಯಲ್ಲಿ ಈ ಮಾತು ಹೇಗೆ ಕೇಳಿಸಿರಬೇಕು ಊಹಿಸಿ. ಈಗ ನಾವು ಫ್ರೀಲಾನ್ಸ್ ಅಂದರೆ ಅತ್ತೆ ಮಾವನ ಮುಖ ಹೇಗಾಗತ್ತೋ ಅದರ ಹತ್ತರಷ್ಟು.

1930ರ ಸೆಪ್ಟೆಂಬರಿನಲ್ಲಿ, ಅಜ್ಜಿ ನೋಡಿಕೊಟ್ಟ ಒಳ್ಳೇ ದಿನ, ಬೆಂಗಳೂರಿನಲ್ಲಿ ಒಂದು ನೋಟ್‌ಬುಕ್ ಕೊಂಡು ಕಾದಂಬರಿ ಶುರು ಮಾಡಿದರು. ಮಾಲ್ಗುಡಿ ಹುಟ್ಟಿದ್ದು ಆ ಪುಸ್ತಕದಲ್ಲೇ. ಆದರೆ 'ಸ್ವಾಮಿ ಅಂಡ್ ಫ್ರೆಂಡ್ಸ್' ಅಚ್ಚಾಗಿದ್ದು 1935ರಲ್ಲಿ, ಅದೂ ಇಂಗ್ಲೆಂಡಿನ ಪ್ರಕಾಶಕರಿಂದ ಮೇಲಿಂದ ಮೇಲೆ ವಾಪಸ್ ಬಂದು, ಕೊನೆಗೆ ಗ್ರಹಾಂ ಗ್ರೀನ್ ಕೈಗೆ ಸಿಕ್ಕಿದ ಮೇಲೆ. ನಡುವಿನ ಐದು ವರ್ಷ ಹೊಟ್ಟೆಪಾಡು? ಅಷ್ಟರಲ್ಲಿ ರಾಜಂ ಜೊತೆ ಮದುವೆಯೂ ಆಗಿತ್ತು.

ಹೊಟ್ಟೆಪಾಡಿಗೆ ಸಿಕ್ಕಿದ್ದು ಮದ್ರಾಸಿನ 'ಜಸ್ಟಿಸ್' ಪತ್ರಿಕೆಯ ಮೈಸೂರು ವರದಿಗಾರನ ಕೆಲಸ. ಬ್ರಾಹ್ಮಣೇತರ ಚಳವಳಿಯ ದನಿಯಾಗಿ 1917ರಲ್ಲಿ ಶುರುವಾಗಿದ್ದ ಪತ್ರಿಕೆ ಅದು. ಬ್ರಾಹ್ಮಣರ ಮನೆ ಹುಡುಗ ಅದಕ್ಕೆ ಸುದ್ದಿ ಕಳಿಸ್ತಿದ್ದದ್ದು ಅವರಿಗೇ ತಮಾಷೆಯಾಗಿ ಕಂಡಿತ್ತು. ಸಂಬಳದ ನೌಕರಿ ಅಲ್ಲ ಇದು. ಅಚ್ಚಾದ ಸುದ್ದಿಯನ್ನ ಕಾಲಂ ಲೆಕ್ಕದಲ್ಲಿ ಅಳೆದು ದುಡ್ಡು. ಈಗಿನ ಮಾತಿನಲ್ಲಿ ಹೇಳೋದಾದರೆ ಅಪ್ಪಟ ಗಿಗ್ ವರ್ಕ್.

ಆ ದಿನಗಳ ದಿನಚರಿಯನ್ನ ನಾರಾಯಣ್ ತಮ್ಮ ಆತ್ಮಕಥೆ 'ಮೈ ಡೇಸ್'ನಲ್ಲಿ ಬರೆದಿದ್ದಾರೆ. ಬೆಳಗ್ಗೆ ಒಂಬತ್ತರ ಸುಮಾರಿಗೆ ಮನೆ ಬಿಡೋದು. ಮಾರ್ಕೆಟ್ಟು, ಕೋರ್ಟು, ಪೊಲೀಸ್ ಸ್ಟೇಷನ್, ಮುನ್ಸಿಪಾಲಿಟಿ ಕಚೇರಿ, ಎಲ್ಲಾ ಕಡೆ ಕಾಲ್ನಡಿಗೆಯಲ್ಲೇ ಸುತ್ತೋದು. ಊಟದ ಹೊತ್ತಿಗೆ ಕಡೇಪಕ್ಷ ಹತ್ತು ಅಂಗುಲದಷ್ಟು ಸುದ್ದಿ ಕೂಡಿಸೋದು. ಒಂದು ಗಂಟೆಗೆ ಮನೆಗೆ ಬಂದು, ಗಬಗಬ ಊಟ ಮುಗಿಸಿ, ಹಳೇ ರೆಮಿಂಗ್ಟನ್ ಟೈಪ್‌ರೈಟರ್ ಮುಂದೆ ಕೂರೋದು. ಟೈಪ್ ಮಾಡಿ, ಲಕೋಟೆ ಅಂಟಿಸಿ, ಚಾಮರಾಜಪುರಂ ಪೋಸ್ಟಾಫೀಸಿಗೆ ಮುಟ್ಟಿಸೋದು. ಅಲ್ಲಿ ಟಪಾಲು ತೆಗೆಯೋ ಹೊತ್ತು ಮಧ್ಯಾಹ್ನ 2 ಗಂಟೆ 20 ನಿಮಿಷ. ಚಿಕ್ಕ ತಮ್ಮ ಮನೆಯಲ್ಲಿದ್ದರೆ ಒಂದು ಕಾಸು ಕೂಲಿಗೆ ಸೈಕಲ್ ಮೇಲೆ ಲಕೋಟೆ ಓಡ್ತಿತ್ತು. ಆ ತಮ್ಮನೇ ಮುಂದೆ ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣ್ ಆದವರು.

ಇಲ್ಲಿ ಸ್ವಲ್ಪ ನಿಲ್ಲೋಣ. ಈ ದಿನಚರಿಯಲ್ಲಿ ಏನೇನಿದೆ ನೋಡಿ.

ಒಂದು, ಅಳತೆ. 'ಇವತ್ತು ಚೆನ್ನಾಗಿ ಕೆಲಸ ಮಾಡ್ತೀನಿ' ಅನ್ನೋದು ಅಳತೆ ಅಲ್ಲ. ಹತ್ತು ಅಂಗುಲ ಅನ್ನೋದು ಅಳತೆ. ಆಗಿದೆಯೋ ಇಲ್ಲವೋ ಅಂತ ಮಗು ಕೂಡ ಹೇಳಬಹುದು.

ಎರಡು, ಗಾತ್ರ. ಹತ್ತು ಅಂಗುಲ ಅಂದರೆ ಒಂದು ಬೆಳಗಿನ ಅಲೆದಾಟಕ್ಕೆ ಸಿಗೋವಷ್ಟು. ಪತ್ರಿಕೆಯ ಪುಟ ಪೂರ್ತಿ ತುಂಬಿಸ್ತೀನಿ ಅಂತ ಹೊರಟಿದ್ದರೆ ಮೂರನೇ ದಿನಕ್ಕೆ ಕಾಲು ಸೋತು ಹೋಗ್ತಿತ್ತು.

ಮೂರು, ಕಾಯೋರು. ನನಗೆ ಮುಖ್ಯ ಅನ್ನಿಸೋದು ಇದೇ. 2.20ರ ಟಪಾಲು ನಾರಾಯಣ್ ಅವರ ಮನಸ್ಸಿನೊಳಗೆ ಇರಲಿಲ್ಲ, ಪೋಸ್ಟಾಫೀಸಿನಲ್ಲಿತ್ತು. ಅವರಿಗೆ ಉತ್ಸಾಹ ಇದ್ದರೂ ಇಲ್ಲದಿದ್ದರೂ ಅದು ಹೊರಡ್ತಿತ್ತು. ನಾವು ಫೋನಿನಲ್ಲಿ ನಮಗೆ ನಾವೇ ಅಲಾರಂ ಇಟ್ಟುಕೊಳ್ತೀವಿ, ನಾವೇ ಸ್ನೂಜ್ ಒತ್ತುತೀವಿ. ಟಪಾಲಿನ ಚೀಲಕ್ಕೆ ಸ್ನೂಜ್ ಇರಲ್ಲ.

ಸ್ವಂತ ದುಡಿಮೆಗೆ ಬೇಕಾದ ಶಿಸ್ತು ನಮ್ಮೊಳಗಿನಿಂದಲೇ ಉಕ್ಕಿ ಬರಬೇಕು ಅಂತ ಕಾಯೋದು ವ್ಯರ್ಥ. ಅರ್ಧ ಶಿಸ್ತನ್ನ ಹೊರಗಿನಿಂದ ಎರವಲು ತರಬಹುದು. ಸಣ್ಣ ಚಾಲೆಂಜ್ ಅನ್ನೋದು ಆ ಎರವಲಿನ ಒಂದು ಉಪಾಯ.

ಇದು ನಾರಾಯಣ್ ಒಬ್ಬರ ಜಾಣತನವೂ ಅಲ್ಲ. ಚೆನ್ನೈನಲ್ಲಿ ಒಂದು ಡಿಸೆಂಬರ್ ಕಳೆದಿರೋರಿಗೆ ಮಾರ್ಗಳಿ ಗೊತ್ತು. ನಮ್ಮ ಕಡೆ ಧನುರ್ಮಾಸ ಅಂತೀವಿ. ಆಂಡಾಳ್ ತಿರುಪ್ಪಾವೈಯಲ್ಲಿ 30 ಪದ್ಯ, ದಿನಕ್ಕೊಂದು. ಬೆಳಗಿನ ಜಾವ ಎದ್ದು ಹಾಡೋದು, ಆಮೇಲೆ ಹುಗ್ಗಿಯ ನೈವೇದ್ಯ. ಮೇಲುಕೋಟೆಯಲ್ಲೂ ಮೈಲಾಪುರದಲ್ಲೂ ಅದೇ ಲೆಕ್ಕ. ಭಕ್ತಿಯ ಮಾತು ಬದಿಗಿಟ್ಟು ಬರೀ ಕಟ್ಟೋಣ ನೋಡಿ. ದಿನದ ಪಾಲು ಚಿಕ್ಕದು, ಹೊತ್ತು ಗೊತ್ತು, ಅಕ್ಕಪಕ್ಕದವರೂ ಎದ್ದಿರ್ತಾರೆ, ಮತ್ತೆ ಸಂಕ್ರಾಂತಿಗೆ ಮುಗಿಯತ್ತೆ. ಮುಗಿಯತ್ತೆ ಅನ್ನೋದು ಗೊತ್ತಿರೋದರಿಂದಲೇ ಚಳಿಯಲ್ಲಿ ಏಳೋಕೆ ಆಗತ್ತೆ. 1999ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಕಡೆ ಕ್ರಿಸ್ ಬೇಟಿ ಮತ್ತು ಗೆಳೆಯರು, ಒಟ್ಟು 21 ಜನ, ಒಂದು ತಿಂಗಳಲ್ಲಿ 50,000 ಪದದ ಕಾದಂಬರಿ ಬರೆಯೋ ಪಣ ತೊಟ್ಟಾಗ ಬಳಸಿದ್ದೂ ಇದೇ ಕಟ್ಟೋಣ. ಮುಂದೆ ಅದರಲ್ಲಿ ಲಕ್ಷಾಂತರ ಜನ ಸೇರಿದರು.

ಹಾಗಾದರೆ 21 ದಿನದ ಮಾತು ಎಲ್ಲಿಂದ ಬಂತು? ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅನ್ನೋ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರ ಪುಸ್ತಕದಲ್ಲಿ, ಆಪರೇಷನ್ ಆದವರಿಗೆ ಹೊಸ ಮುಖ ಒಗ್ಗೋಕೆ ಕಡೇಪಕ್ಷ 21 ದಿನ ಬೇಕು ಅಂತ ಬರೆದಿದ್ದರು. 'ಕಡೇಪಕ್ಷ' ಅನ್ನೋದು ಬಾಯಿಂದ ಬಾಯಿಗೆ ಬರ್ತಾ ಉದುರಿ ಹೋಯ್ತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನ 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ರೂಢಿ ತಾನಾಗೇ ನಡೆಯೋ ಹಂತಕ್ಕೆ ಬರೋಕೆ ಸರಾಸರಿ 66 ದಿನ. ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254 ದಿನದ ತನಕ ವ್ಯತ್ಯಾಸ. ಅದರ ಇನ್ನೊಂದು ಮಾತು ನಮಗೆ ಹೆಚ್ಚು ಬೇಕಾದದ್ದು: ನಡುವೆ ಒಂದು ದಿನ ತಪ್ಪಿದರೆ ರೂಢಿ ಕೆಡಲ್ಲ. ಆ್ಯಪಿನಲ್ಲಿ ಸ್ಟ್ರೀಕ್ ಮುರೀತು ಅಂತ ಕೈಬಿಡೋರಿಗೆ ಇದನ್ನ ಹೇಳಬೇಕು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ವೇಳಚ್ಚೇರಿ, ಪಳ್ಳಿಕರಣೈ ಕಡೆ ಮನೆಯೊಳಗೆ ನೀರು, ಕರೆಂಟಿಲ್ಲ, ನೆಟ್ಟಿಲ್ಲ. ಅಂಥ ದಿನಗಳನ್ನ ಸೋಲಿನ ಲೆಕ್ಕಕ್ಕೆ ಸೇರಿಸಬಾರದು. ನೀರು ಇಳಿದ ಮಾರನೇ ದಿನ ಕೂತಿರಾ ಅನ್ನೋದಷ್ಟೇ ಲೆಕ್ಕ.

ಇನ್ನು ಚಾಲೆಂಜಿನಿಂದ ಆಗದ ಕೆಲಸವೂ ಇದೆ. ಅದಕ್ಕೂ ನಾರಾಯಣ್ ಬದುಕಿನಲ್ಲೇ ಸಾಕ್ಷಿ ಸಿಗತ್ತೆ.

1939ರಲ್ಲಿ ರಾಜಂ ಟೈಫಾಯ್ಡ್‌ನಲ್ಲಿ ತೀರಿಕೊಂಡರು. ಮಗಳು ಇನ್ನೂ ಚಿಕ್ಕವಳು. 1935, 1937, 1938 ಅಂತ ಮೂರು ಕಾದಂಬರಿ ತಂದಿದ್ದವರ ನಾಲ್ಕನೇ ಕಾದಂಬರಿ 'ದಿ ಇಂಗ್ಲಿಷ್ ಟೀಚರ್' ಬಂದಿದ್ದು 1945ಕ್ಕೆ, ಅದೂ ಆ ದುಃಖವನ್ನೇ ಹೊತ್ತುಕೊಂಡು. ಏಳು ವರ್ಷ. ಅಂಥ ಹೊತ್ತಿನಲ್ಲಿ ಯಾವ ಹತ್ತು ಅಂಗುಲದ ಪಣವೂ ನಡೆಯಲ್ಲ, ನಡೆಸೋಕೆ ಹೋಗಲೂಬಾರದು. ಮನೆಯಲ್ಲಿ ಸಾವು, ಕಾಯಿಲೆ, ಹಸುಗೂಸು ಇದ್ದಾಗ ನಮಗೆ ಬೇಕಾಗಿರೋದು ರಜೆ ಮತ್ತು ಜನ.

ಎರಡನೇ ಮಿತಿ ವ್ಯವಹಾರದ್ದು. ನಾರಾಯಣ್ 'ಇಂಡಿಯನ್ ಥಾಟ್' ಅನ್ನೋ ತ್ರೈಮಾಸಿಕ ಶುರು ಮಾಡಿದರು. ಕಾರು ಮಾರ್ತಿದ್ದ ಸೋದರಮಾವನ ನೆರವಿನಿಂದ ಮದ್ರಾಸೊಂದರಲ್ಲೇ ಸಾವಿರಕ್ಕೂ ಹೆಚ್ಚು ಚಂದಾದಾರರು ಸಿಕ್ಕರು. ಆದರೂ ವರ್ಷದೊಳಗೆ ಪತ್ರಿಕೆ ನಿಂತಿತು. ಗಿರಾಕಿಗಳಿಗೆ ಕೊರತೆ ಇರಲಿಲ್ಲ, ಬರೆಯೋ ಕೈಗೂ ಕೊರತೆ ಇರಲಿಲ್ಲ. ನಡೆಸೋದೇ ಬೇರೆ ಕೆಲಸ. ಪ್ರೆಸ್ಸು, ಕಾಗದ, ವಸೂಲಿ, ರವಾನೆ. ಆಮೇಲೆ ಯುದ್ಧದಿಂದ ಇಂಗ್ಲೆಂಡಿನ ಸಂಪರ್ಕ ಕಡಿದಾಗ ಅದೇ ಹೆಸರಿನಲ್ಲಿ ಪ್ರಕಾಶನ ಮಾಡಿ ತಮ್ಮ ಪುಸ್ತಕಗಳನ್ನ ತಾವೇ ಹೊರತಂದರು. ಹರವು ಚಿಕ್ಕದಾಯ್ತು, ಸಂಸ್ಥೆ ಉಳೀತು.

ನಮ್ಮಲ್ಲೂ ಇದೇ ಕಾಣೋದು. ಕೋಡ್ ಬರೆಯೋ ಚಾಲೆಂಜ್ ಎಲ್ಲರೂ ತಗೋತಾರೆ. ಇನ್‌ವಾಯ್ಸ್ ಕಳಿಸೋ ಚಾಲೆಂಜ್ ಯಾರೂ ತಗೊಳಲ್ಲ. ನನ್ನ ಅನುಭವದಲ್ಲಿ ಬಾಡಿಗೆ ಕಟ್ಟೋದು ಎರಡನೆಯದು.

ಹಾಗಾಗಿ ನಾನು ಪಾಲಿಸೋ ಕ್ರಮ ಹೇಳ್ತೀನಿ, ನಿಮಗೆ ಒಗ್ಗಿದರೆ ತಗೊಳ್ಳಿ. ಅವಧಿ 12 ಕೆಲಸದ ದಿನ, ಅಂದರೆ ಎರಡು ವಾರ ಚಿಲ್ಲರೆ. ಒಂದು ಸಲಕ್ಕೆ ಒಂದೇ ಪಣ. ದಿನದ ಪಾಲು ಒಂದು ಗಂಟೆಯೊಳಗೆ ಮುಗಿಯೋವಷ್ಟು: ಎರಡು ಪುಟ ಬರಹ, ಇಲ್ಲಾ ಹೊಸಬರೊಬ್ಬರಿಗೆ ಕೆಲಸ ಕೇಳಿ ಮೇಲ್, ಇಲ್ಲಾ ಬಾಕಿ ಇರೋ ಒಂದು ಬಿಲ್ಲಿಗೆ ಫೋನ್. ಮುಗಿದದ್ದನ್ನ ಮಧ್ಯಾಹ್ನ ಎರಡೂವರೆಯೊಳಗೆ ಒಬ್ಬ ಮನುಷ್ಯರಿಗೆ ಕಳಿಸಬೇಕು. ನನ್ನದು ತಾಂಬರಂನಲ್ಲಿರೋ ಒಬ್ಬ ಧಾರವಾಡದ ಗೆಳೆಯನಿಗೆ ಹೋಗತ್ತೆ, ಅವನದು ನನಗೆ ಬರತ್ತೆ. ಹೊಗಳಿಕೆ ಇಲ್ಲ, ಬುದ್ಧಿಮಾತಿಲ್ಲ, 'ಮುಟ್ಟಿತು' ಅಂತ ಒಂದು ಪದ. ಹದಿಮೂರನೇ ದಿನ ನಿಲ್ಲಿಸಿ, ಮುಂದುವರಿಸೋದಾ ಬದಲಿಸೋದಾ ಅಂತ ಯೋಚನೆ ಮಾಡ್ತೀವಿ. ಇಷ್ಟೇ.

ಪಣ ಮುಗಿದ ಮೇಲೆ ರೂಢಿಯನ್ನ ಹಿಡಿದಿಡೋದು ಹೆಚ್ಚಾಗಿ ಜಾಗ. ಅದಕ್ಕೆ ಈ ಊರಿನದೇ ಚಿತ್ರ ಒಂದಿದೆ. ರಾಜ್‌ಕುಮಾರ್ ದನಿಯಾಗಿ ನಾವು ಕೇಳಿ ಬೆಳೆದ ಪಿ. ಬಿ. ಶ್ರೀನಿವಾಸ್ ಕ್ಯಾಥೀಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ ಕೂತು ಬರೀತಿದ್ದರು. ಜೇಬಿನ ತುಂಬ ಬಣ್ಣಬಣ್ಣದ ಪೆನ್ನು, ಕೈಯಲ್ಲಿ ಹಾಳೆಗಳು. ಎಂಟು ಭಾಷೆಗಳಲ್ಲಿ ಪದ್ಯ ಕಟ್ಟಿದರು. ಸಿನಿಮಾದಲ್ಲಿ ಹಾಡೋ ಅವಕಾಶ ಕಡಿಮೆಯಾದ ಮೇಲೂ ಬರವಣಿಗೆ ನಿಲ್ಲಲಿಲ್ಲ. ಕಾರ್ಕಳದ ಕಡೆಯ ಕಡಂದಲೆಯಿಂದ ಬಂದ ಕೆ. ಕೃಷ್ಣರಾಯರು ಕಟ್ಟಿದ ಹೋಟೆಲ್ ಅದು. 2008ರಲ್ಲಿ ಮುಚ್ಚಿತು, ಈಗ ಅಲ್ಲಿ ಸೆಮ್ಮೊಳಿ ಪೂಂಗಾ ಇದೆ. ನಿಮಗೂ ಅಂಥ ಒಂದು ಮೇಜು ಬೇಕು. ಮನೆಯ ಮೂಲೆಯಾದರೂ ಆದೀತು, ಆದರೆ ಅಲ್ಲಿ ಕೂತರೆ ಕೆಲಸ ಅಂತ ಮನೆಯವರಿಗೂ ಗೊತ್ತಿರಬೇಕು.

ನಾರಾಯಣ್ ಕೊನೆಗಾಲಕ್ಕೆ ಚೆನ್ನೈಗೇ ಬಂದರು. 2001ರ ಮೇ 13ರಂದು ಇಲ್ಲೇ ತೀರಿಕೊಂಡರು. ಆ ಹೊತ್ತಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ಪದ್ಮವಿಭೂಷಣ ಎಲ್ಲ ಬಂದಾಗಿತ್ತು. ಚನ್ನಪಟ್ಟಣದ ಕೆಲಸ ಬಿಟ್ಟ ದಿನ ಇದ್ಯಾವುದೂ ಗೊತ್ತಿರಲಿಲ್ಲ. ಜಸ್ಟಿಸ್ ವರದಿಗಾರನಾಗಿ ದಿನಾ ಬೆಳಗ್ಗೆ ಮನೆ ಬಿಡುವಾಗ ಗೊತ್ತಿದ್ದದ್ದು ಇಷ್ಟೇ: ಊಟದೊಳಗೆ ಹತ್ತು ಅಂಗುಲ, 2.20ಕ್ಕೆ ಟಪಾಲು.

ಈ ವಾರ ನಿಮ್ಮ ಹತ್ತು ಅಂಗುಲ ಯಾವುದು, ಅದಕ್ಕಾಗಿ ಕಾಯೋರು ಯಾರು, ಎರಡನ್ನೂ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಎರಡನೇ ಸಾಲು ಖಾಲಿ ಇದ್ದರೆ, ಮೊದಲು ಆ ಮನುಷ್ಯರನ್ನ ಹುಡುಕಿ. ಮುಂದಿನ ಮಾತಿನಲ್ಲಿ ಸಿಗೋಣ.