ಎಕ್ಸ್ ಅಕ್ಷರದ ಪರದೇಶಿ

ಇಂಗ್ಲಿಷ್ ನಿಘಂಟಿನಲ್ಲಿ ಎಕ್ಸ್ ಅಕ್ಷರಕ್ಕೆ ಸಿಕ್ಕಿರುವ ಜಾಗ ಬಹಳ ಕಡಿಮೆ. ಒಂದೆರಡು ಪುಟ ಮಗುಚಿದರೆ ವೈ ಬಂದುಬಿಡುತ್ತದೆ. ಇರುವ ಪದಗಳಲ್ಲೂ ಹೆಚ್ಚಿನವು ಗ್ರೀಕ್ ಭಾಷೆಯಿಂದ ಬಂದವು. ಬ್ಯಾಂಕಿನ ಕೌಂಟರಿನಲ್ಲಿ ನಾವು ದಿನವಿಡೀ ಕೇಳುತ್ತಿದ್ದ ‘ಝೆರಾಕ್ಸ್’ ಅಂಥದ್ದೇ. ಗ್ರೀಕಿನಲ್ಲಿ ‘ಕ್ಸೆರೋಸ್’ ಅಂದರೆ ಒಣಗಿದ್ದು. 1938ರಲ್ಲಿ ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ ದ್ರವದ ಗೊಡವೆಯಿಲ್ಲದೆ ಒಣ ಪುಡಿಯಿಂದ ಪ್ರತಿ ತೆಗೆದರು. ಆ ವಿಧಾನಕ್ಕೆ ‘ಒಣ ಬರಹ’ ಎಂಬ ಅರ್ಥದ ಹೆಸರು ಬಂತು, ಮುಂದೆ ಅದರಿಂದಲೇ ಕಂಪನಿಯ ಹೆಸರೂ ಹುಟ್ಟಿತು. ಕ್ರಿಸ್‌ಮಸ್ಸನ್ನು ಎಕ್ಸ್‌ಮಸ್ ಎಂದು ಚುಟುಕಾಗಿ ಬರೆಯುವಾಗ ಅಲ್ಲಿರುವುದು ಕ್ರಿಸ್ತನ ಗ್ರೀಕ್ ಹೆಸರಿನ ಮೊದಲ ಅಕ್ಷರ; ಆಕಾರ ಎಕ್ಸಿನದೇ. ಎಕ್ಸ್‌-ರೇ ಮಾತ್ರ ಬೇರೆ ದಾರಿಯದು. 1895ರಲ್ಲಿ ರಾಂಟ್‌ಜನ್ ತಾವು ಕಂಡ ಕಿರಣ ಏನೆಂದು ತಿಳಿಯದೆ, ಬೀಜಗಣಿತದ ಅಜ್ಞಾತ ಸಂಖ್ಯೆಯ ಹಾಗೆ ಎಕ್ಸ್ ಅಂದರು.

ಇವೆಲ್ಲ ಹಾಗಿರಲಿ. ಊರು ಬಿಟ್ಟು ಮುಂಬಯಿಗೆ ಬಂದ ನಮ್ಮಂಥವರಿಗೆ ಆ ಪುಟದಲ್ಲಿ ಬೇರೆಯೇ ಒಂದು ಸಂಸಾರವಿದೆ. ಅದರ ಹಿರಿಯನ ಹೆಸರು ‘ಕ್ಸೆನೋಸ್’. ಗ್ರೀಕರಿಗೆ ಈ ಒಂದೇ ಪದ ಸಾಕಾಗುತ್ತಿತ್ತು: ಅಪರಿಚಿತನೂ ಕ್ಸೆನೋಸ್, ಪರದೇಶದವನೂ ಕ್ಸೆನೋಸ್, ಮನೆಗೆ ಬಂದ ಅತಿಥಿಯೂ ಕ್ಸೆನೋಸ್. ಹೋಮರನ ಕಾವ್ಯದಲ್ಲಿ ಬಾಗಿಲಿಗೆ ಬಂದವನಿಗೆ ಮೊದಲು ಕೈಕಾಲಿಗೆ ನೀರು, ಆಮೇಲೆ ಊಟ. ಯಾವೂರು, ಯಾರ ಮಗ ಅಂತ ವಿಚಾರಿಸುವುದು ಹೊಟ್ಟೆ ತುಂಬಿದ ಮೇಲೆ. ಬಂದವನಿಗೆ ಅನ್ಯಾಯವಾದರೆ ಕೇಳುವುದಕ್ಕೆ ಸಾಕ್ಷಾತ್ ಜ್ಯೂಸ್ ದೇವರೇ ಇದ್ದ. ಲ್ಯಾಟಿನ್ನಿನಲ್ಲೂ ಇಂಥದೇ ಜೋಡಿಯಿದೆ. ಅಲ್ಲಿ ‘ಹಾಸ್ಪೆಸ್’ ಅಂದರೆ ಅತಿಥಿ, ‘ಹಾಸ್ಟಿಸ್’ ಅಂದರೆ ಶತ್ರು. ಎರಡೂ ಒಂದೇ ಬೇರಿನ ಚಿಗುರುಗಳು. ಮೊದಲನೆಯದರಿಂದ ಹಾಸ್ಪಿಟಲ್, ಹಾಸ್ಟೆಲ್, ಕೊನೆಗೆ ನಮ್ಮವರ ಅನ್ನದ ಪದವಾದ ‘ಹೋಟೆಲ್’ ಹುಟ್ಟಿದವು.

ನಮ್ಮ ಕನ್ನಡ ಏನು ಕಡಿಮೆಯೇ? ‘ಅತಿಥಿ ದೇವೋ ಭವ’ ಅಂತೀವಿ. ಆದರೆ ‘ಪರದೇಶಿ’ ಅಂದರೆ ಹೊರನಾಡಿನವನು ಅನ್ನುವುದರ ಜೊತೆಗೆ ದಿಕ್ಕಿಲ್ಲದವನು ಅಂತಲೂ ಅರ್ಥ. ಹಳ್ಳಿಯಲ್ಲಿ ಅದು ಬೈಗುಳವೂ ಹೌದು.

ಕಾವ್ಯದ ಮಾತು ಬೇರೆ, ಪುರಸಭೆಯ ಲೆಕ್ಕ ಬೇರೆ. ಅಥೆನ್ಸಿನಲ್ಲಿ ನೆಲೆನಿಂತ ಪರಊರಿನವರಿಗೆ ‘ಮೆಟಿಕ್’ ಎಂಬ ಪ್ರತ್ಯೇಕ ವರ್ಗವಿತ್ತು. ಗಂಡಸು ವರ್ಷಕ್ಕೆ 12 ದ್ರಾಕ್ಮಾ ತಲೆಗಂದಾಯ ಕಟ್ಟಬೇಕು, ಸ್ವತಂತ್ರವಾಗಿ ದುಡಿಯುವ ಹೆಂಗಸು 6. ವ್ಯಾಪಾರ ಮಾಡಬಹುದು, ಯುದ್ಧಕ್ಕೂ ಹೋಗಬೇಕು. ಆದರೆ ಹೊಲ ಮನೆ ಕೊಳ್ಳುವಂತಿಲ್ಲ, ಮತವೂ ಇಲ್ಲ. ಮಹಾಪಂಡಿತ ಅರಿಸ್ಟಾಟಲ್ ಕೂಡ ಅಲ್ಲಿ ಮೆಟಿಕ್ಕೇ. ಮೇಲಾಗಿ ಇವನು ನನಗೆ ಗೊತ್ತು ಅಂತ ನಿಲ್ಲುವ ಒಬ್ಬ ಪೌರ ಬೇಕಿತ್ತು. ಇದನ್ನು ಓದಿದಾಗ ನನಗೆ ನಮ್ಮ ಅಕೌಂಟ್ ಓಪನಿಂಗ್ ಫಾರಂ ಕಣ್ಣಿಗೆ ಕಟ್ಟಿತು. ಆಧಾರ್ ಬರುವ ಮುಂಚಿನ ಕಾಲದಲ್ಲಿ ಉಳಿತಾಯ ಖಾತೆ ತೆರೆಯಬೇಕಾದರೆ ಹಳೆಯ ಖಾತೆದಾರರೊಬ್ಬರ ‘ಇಂಟ್ರೊಡಕ್ಷನ್’ ಸಹಿ ಬೇಕಾಗಿತ್ತು. ಕುಂದಾಪುರದ ಕಡೆಯಿಂದ ಬಂದ ಹೋಟೆಲ್ ಮಾಣಿಗೆ ಈ ಮಹಾನಗರದಲ್ಲಿ ಪರಿಚಯದವರು ಯಾರು? ಹೋಟೆಲಿನ ಧನಿಯೇ. ಧನಿಯ ಜೊತೆ ಮನಸ್ತಾಪವಾದ ಹುಡುಗನಿಗೆ ಖಾತೆಯೂ ಕಷ್ಟ, ಊರಿಗೆ ಕಳಿಸಬೇಕಾದ ದುಡ್ಡು ಟ್ರಂಕಿನಲ್ಲೇ. ಸಹಿಯ ಆ ಒಂದು ಗೆರೆಗೆ ಎಷ್ಟು ಬೆಲೆಯಿತ್ತು ಅಂತ ಊರಲ್ಲೇ ಇದ್ದವರಿಗೆ ತಿಳಿಯುವುದು ಕಷ್ಟ.

ಸ್ಪಾರ್ಟಾದವರದು ಇನ್ನೂ ಖಾರ. ಪರದೇಶಿಗಳನ್ನು ಆಗಾಗ ಊರಾಚೆ ಅಟ್ಟುವ ಪದ್ಧತಿಯೇ ಅವರಲ್ಲಿತ್ತು. ಅದರ ಹೆಸರು ‘ಕ್ಸೆನೆಲೇಸಿಯ’. ಕ್ರಿ.ಪೂ. 431ರಲ್ಲಿ ಅಥೆನ್ಸಿನ ನಾಯಕ ಪೆರಿಕ್ಲಿಸ್ ನಾವು ಹಾಗೆ ಮಾಡುವವರಲ್ಲ ಎಂದು ಹೆಮ್ಮೆಪಟ್ಟನೆಂದು ಥುಸಿಡಿಡೀಸ್ ಬರೆದಿದ್ದಾನೆ. ತಮಾಷೆಯೆಂದರೆ ಅದಕ್ಕೆ ಇಪ್ಪತ್ತು ವರ್ಷ ಮೊದಲು, ತಂದೆತಾಯಿ ಇಬ್ಬರೂ ಅಥೆನ್ಸಿನವರಾಗಿದ್ದರೆ ಮಾತ್ರ ಮಗ ಪೌರ ಎಂಬ ಕಾನೂನು ತಂದವನೂ ಇವನೇ.

ಪರದೇಶಿಯನ್ನು ಪ್ರೀತಿಸುವುದಕ್ಕೆ ಹಳೆಯ ಗ್ರೀಕಿನಲ್ಲಿ ‘ಫಿಲೋಕ್ಸೇನಿಯ’ ಎಂಬ ಪದವಿತ್ತು. ‘ಝೆನೋಫೋಬಿಯ’ ಮಾತ್ರ ಮೊನ್ನೆ ಮೊನ್ನೆಯದು. ಗ್ರೀಕ್ ತುಂಡುಗಳನ್ನು ಜೋಡಿಸಿ 19ನೇ ಶತಮಾನದ ಕೊನೆಯ ಹೊತ್ತಿಗೆ ಕಟ್ಟಿದ್ದು. ಮುಂಬಯಿ ಕನ್ನಡಿಗರಿಗೆ ನಿಘಂಟಿನ ನೆರವಿಲ್ಲದೆಯೇ ಇದರ ಅರ್ಥ ತಿಳಿದದ್ದು 1960ರ ದಶಕದಲ್ಲಿ. 1960ರಲ್ಲಿ ಶುರುವಾದ ‘ಮಾರ್ಮಿಕ್’ ವಾರಪತ್ರಿಕೆಯಲ್ಲಿ ಬಾಳ ಠಾಕ್ರೆಯವರು ನಗರದ ಕಂಪನಿಗಳ ಅಧಿಕಾರಿಗಳ ಹೆಸರಿನ ಪಟ್ಟಿ ಅಚ್ಚು ಹಾಕತೊಡಗಿದರು. ಅದರಲ್ಲಿ ದಕ್ಷಿಣದ ಹೆಸರುಗಳು ಎಷ್ಟಿವೆ ನೋಡಿ ಅಂತ. ತಲೆಬರಹ ‘ವಾಚಾ ಆಣಿ ಥಂಡ ಬಸಾ’, ಅಂದರೆ ಓದಿ, ಸುಮ್ಮನೆ ಕೂತಿರಿ. 1966ರ ಜೂನ್ 19ರಂದು ಶಿವಸೇನೆ ಹುಟ್ಟಿತು. ‘ಬಜಾವ್ ಪುಂಗಿ, ಹಟಾವ್ ಲುಂಗಿ’ ಘೋಷಣೆ ಬೀದಿಗೆ ಬಂತು, ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿತ್ತು. ಕನ್ನಡ, ತುಳು, ತಮಿಳು, ಮಲಯಾಳ ಎಲ್ಲಕ್ಕೂ ಒಂದೇ ಹೆಸರು: ಮದ್ರಾಸಿ.

ನ್ಯಾಯವಾಗಿ ಹೇಳಬೇಕೆಂದರೆ ಆ ಸಿಟ್ಟಿನ ಬುಡದಲ್ಲಿ ಬರೀ ದ್ವೇಷವಿರಲಿಲ್ಲ. ಟೈಪಿಂಗ್, ಶಾರ್ಟ್‌ಹ್ಯಾಂಡ್ ಕಲಿತು ಬಂದ ದಕ್ಷಿಣದವರು ಆಫೀಸುಗಳಲ್ಲಿ ತುಂಬಿದ್ದು ನಿಜ. ಓದಿದ ಮರಾಠಿ ಹುಡುಗರು ಕೆಲಸವಿಲ್ಲದೆ ಅಲೆದದ್ದೂ ನಿಜ. ಆದರೆ ಕಲ್ಲು ಬಿದ್ದದ್ದು ಅಧಿಕಾರಿಯ ಕ್ಯಾಬಿನ್ನಿನ ಮೇಲಲ್ಲ, ಬೆಳಗಿನ ಜಾವ ಎದ್ದು ಹಿಟ್ಟು ರುಬ್ಬುವವರ ಗಾಜಿನ ಕಪಾಟಿನ ಮೇಲೆ. ಆ ಕಪಾಟಿನ ಇಡ್ಲಿ ತಿನ್ನುತ್ತಿದ್ದವರಲ್ಲಿ ಮರಾಠಿಗರೇನು ಕಡಿಮೆಯಿರಲಿಲ್ಲ. ಹೋಟೆಲು ಉಳಿದದ್ದೂ ಅವರಿಂದಲೇ ಅಂತ ನನ್ನ ಅನಿಸಿಕೆ.

ಊರಿನ ಓದುಗರು ಇದನ್ನು ಓದಿ ಅಯ್ಯೋ ಪಾಪ ಅನ್ನಬಹುದು. ಹಾಗನ್ನುವಾಗ 1991ರ ಡಿಸೆಂಬರನ್ನೂ ನೆನೆಯಬೇಕು. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಗೆಜೆಟ್ಟಿನಲ್ಲಿ ಬಂದ ಮೇಲೆ ಬೆಂಗಳೂರಿನಲ್ಲಿ ತಮಿಳರ ಮನೆ, ಅಂಗಡಿಗಳಿಗೆ ಬೆಂಕಿ ಬಿತ್ತು, ಜೀವಗಳೂ ಹೋದವು. ಹೊಟ್ಟೆಪಾಡಿಗೆ ಬಂದವರು ಮಕ್ಕಳು ಮರಿ ಕಟ್ಟಿಕೊಂಡು ಗಡಿಯಾಚೆ ಓಡಿದರು. 2012ರ ಆಗಸ್ಟಿನಲ್ಲಿ ಮೊಬೈಲಿನ ಗಾಳಿಸುದ್ದಿಗೇ ಹೆದರಿ ಈಶಾನ್ಯದ ಸಾವಿರಾರು ಹುಡುಗ ಹುಡುಗಿಯರು ಬೆಂಗಳೂರು ಸ್ಟೇಷನ್ನಿನಲ್ಲಿ ಗುವಾಹಟಿ ರೈಲಿಗೆ ಮುಗಿಬಿದ್ದರು. ಗಾಳಿಸುದ್ದಿಗೆ ಅಷ್ಟು ಜನ ಊರು ಬಿಡುತ್ತಾರೆಂದರೆ ಅವರಿಗೆ ನಮ್ಮ ಮೇಲಿದ್ದ ನಂಬಿಕೆ ಎಷ್ಟಿರಬೇಕು, ನೀವೇ ಲೆಕ್ಕ ಹಾಕಿ.

ಅದೇ ಬೆಂಗಳೂರಿಗೂ ಕ್ಸೆನೋಸ್‌ಗೂ ಇನ್ನೊಂದು ನಂಟಿದೆ. 1898ರಲ್ಲಿ ಲಂಡನ್ನಿನಲ್ಲಿ ವಿಲಿಯಂ ರ‍್ಯಾಮ್ಸೆ ಮತ್ತು ಮಾರಿಸ್ ಟ್ರ್ಯಾವರ್ಸ್ ಗಾಳಿಯಲ್ಲಿ ಅಡಗಿದ್ದ ಹೊಸ ಅನಿಲವೊಂದನ್ನು ಹಿಡಿದು ‘ಝೆನಾನ್’ ಎಂದರು. ಪರದೇಶಿ ಅಂತಲೇ ಅರ್ಥ; ಶಾಲಾ ಪುಸ್ತಕದಲ್ಲಿ ನಾವು ಕ್ಸೆನಾನ್ ಅಂತ ಓದಿದ್ದು. ಒಂದು ಕೋಟಿ ಪಾಲು ಗಾಳಿಯಲ್ಲಿ ಒಂದು ಪಾಲಿನಷ್ಟೂ ಅದು ಇಲ್ಲ. ಯಾವುದರ ಜೊತೆಗೂ ಬೆರೆಯದ ಜಾತಿ ಎಂದು 1962ರವರೆಗೂ ನಂಬಿದ್ದರು. ಆ ವರ್ಷ ಕೆನಡಾದಲ್ಲಿ ನೀಲ್ ಬಾರ್ಟ್ಲೆಟ್ ಅದರ ಸಂಯುಕ್ತ ತಯಾರಿಸಿ ತೋರಿಸಿದರು. ಇದೇ ರ‍್ಯಾಮ್ಸೆ, ಜೆಮ್‌ಶೆಟ್‌ಜಿ ಟಾಟಾ ಕಟ್ಟಬೇಕೆಂದಿದ್ದ ವಿಜ್ಞಾನ ಸಂಸ್ಥೆಗೆ ಜಾಗ ನೋಡಲು ಭಾರತಕ್ಕೆ ಬಂದು ಬೆಂಗಳೂರಾದೀತು ಎಂದರು. ಮೈಸೂರು ಸಂಸ್ಥಾನ 371 ಎಕರೆ ಜಮೀನು ಕೊಟ್ಟಿತು, 1909ರಲ್ಲಿ ಸಂಸ್ಥೆ ಸ್ಥಾಪನೆಯಾಯಿತು. ಮೊದಲ ನಿರ್ದೇಶಕರಾಗಿ ಬಂದವರು ಟ್ರ್ಯಾವರ್ಸ್. ಹಳೆಯ ಬೆಂಗಳೂರಿನವರು ಅದನ್ನು ಇವತ್ತಿಗೂ ಮುಂಬಯಿಯ ಪಾರ್ಸಿಯವರ ಹೆಸರಿನಿಂದ ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕರೆಯುತ್ತಾರೆ.