ಕೆಸರು ಮೆತ್ತಿಕೊಂಡ ಮೂಸ್ ಮತ್ತು ಬೆಸುಗೆ ಹಾಕಿದ ಗುಂಡು

ಮೊದಲೇ ಹೇಳಿಬಿಡ್ತೀನಿ, ನಾನು ಜೀವನದಲ್ಲಿ ಕೋವಿ ಹಿಡಿದವನಲ್ಲ. ನನ್ನ ಶಿಕಾರಿ ಎಲ್ಲಾ ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕಥೆಗಳಲ್ಲೇ ಶುರುವಾಗಿ ಅಲ್ಲೇ ಮುಗಿದದ್ದು. ಓದಿದವರಿಗೆ ಗೊತ್ತಲ್ಲ, ಆ ಕಥೆಗಳಲ್ಲಿ ಹುಲಿಗಿಂತ ಹೆಚ್ಚು ಹೆದರಿಸೋದು ಗಾಯಗೊಂಡ ಹುಲಿ. ಗುಂಡು ತಗುಲಿದೆ, ರಕ್ತದ ಜಾಡಿದೆ, ಪ್ರಾಣಿ ಮಾತ್ರ ಇಲ್ಲ.. ತಗುಲಿದ ಗುಂಡು ಯಾಕೆ ಕೊಲ್ಲಲಿಲ್ಲ ಅನ್ನೋ ಪ್ರಶ್ನೆ ಆಗ ನನಗೆ ಹೊಳೆದಿರಲೇ ಇಲ್ಲ. ಮೊನ್ನೆ ಯಾವುದೋ ಕೆಲಸಕ್ಕೆ ಲೋಹಗಳ ಬೆಸುಗೆ ಬಗ್ಗೆ ಹುಡುಕ್ತಾ ಹೋದವನು ಅಮೆರಿಕದ ಬೇಟೆಗುಂಡುಗಳ ಚರಿತ್ರೆಗೆ ಬಿದ್ದು, ಎದ್ದಾಗ ರಾತ್ರಿ ಎರಡು ಗಂಟೆ :)

ತೊಂದರೆ ಶುರುವಾದದ್ದು ವೇಗದಿಂದ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆ ಹೊಗೆ ಬಾರದ ಮದ್ದು ತಯಾರಿಸಿದ. ಹಳೇ ಕರಿಮದ್ದಿಗಿಂತ ಇದರ ತಳ್ಳುವ ಶಕ್ತಿ ಎಷ್ಟೋ ಜಾಸ್ತಿ. ಆ ವೇಗಕ್ಕೆ ಮೆತ್ತನೆ ಸೀಸದ ಗುಂಡು ನಳಿಗೆಯೊಳಗೇ ಉಜ್ಜಿಹೋಗ್ತಿತ್ತು, ಹಾಗಾಗಿ ಸೀಸಕ್ಕೆ ತಾಮ್ರದ ಅಂಗಿ ತೊಡಿಸಿದರು. ಪೂರ್ತಿ ಮುಚ್ಚಿದರೆ ಗುಂಡು ಅರಳದೆ ಸಣ್ಣ ತೂತು ಮಾಡಿ ಆಚೆ ಹೋಗುತ್ತೆ. ತುದಿ ತೆರೆದಿಟ್ಟರೆ ಒಳಗೆ ಅಣಬೆ ಥರ ಅರಳುತ್ತೆ. ಕಲ್ಕತ್ತಾ ಪಕ್ಕದ ದಮ್‌ದಮ್ ಕಾರ್ಖಾನೆಯಲ್ಲಿ 1890ರ ದಶಕದಲ್ಲಿ ಮಾಡಿದ್ದು ಇಂಥದ್ದನ್ನೇ. 1899ರ ಹೇಗ್ ಸಮ್ಮೇಳನದಲ್ಲಿ ಇದನ್ನು ಯುದ್ಧದಲ್ಲಿ ಬಳಸಬಾರದು ಅಂತಾಯ್ತು. ವಿಚಿತ್ರ ನೋಡಿ, ಅಮೆರಿಕದ ಹಲವು ರಾಜ್ಯಗಳಲ್ಲಿ ಜಿಂಕೆ ಬೇಟೆಗೆ ಅರಳುವ ಗುಂಡೇ ಕಡ್ಡಾಯ! ಮನುಷ್ಯನಿಗೆ ಕ್ರೂರ ಅನ್ನಿಸಿದ್ದು ಜಿಂಕೆಗೆ ದಯೆ. ಸಾಯೋದಾದರೆ ಬೇಗ ಸಾಯಲಿ ಅಂತ.

ಈಗ 1946ಕ್ಕೆ ಬನ್ನಿ. ಅಮೆರಿಕದ ಆರಿಗನ್‌ನಲ್ಲಿ ಲಾರಿ ವ್ಯವಹಾರ ನಡೆಸುತ್ತಿದ್ದ ಜಾನ್ ನಾಸ್ಲರ್ ಕೆನಡಾದ ಬ್ರಿಟಿಷ್ ಕೊಲಂಬಿಯಾಕ್ಕೆ ಮೂಸ್ ಬೇಟೆಗೆ ಹೋದ. ಮೂಸ್ ಅಂದರೆ ನಮ್ಮ ಕಡವೆಯ ದೊಡ್ಡಪ್ಪ ಅನ್ನಿ. ಜಿಂಕೆಯ ವಂಶದಲ್ಲೇ ಅತಿ ದೊಡ್ಡದು, ಬೆಳೆದ ಗಂಡು 500 ಕೆಜಿ ದಾಟುತ್ತೆ. ಇವನ ಕೈಯಲ್ಲಿದ್ದದ್ದು .300 ಮ್ಯಾಗ್ನಮ್ ಕೋವಿ, ಗುಂಡಿನ ವೇಗ ಸೆಕೆಂಡಿಗೆ 850 ಮೀಟರಿಗೂ ಹೆಚ್ಚು. ಮೂಸ್ ಮೈಗೆ ಕೆಸರು ಮೆತ್ತಿಕೊಂಡು ಒಣಗಿತ್ತು. ಹೊಡೆದ, ಮತ್ತೆ ಹೊಡೆದ. ಪ್ರಾಣಿ ಬೀಳಲೊಲ್ಲದು. ಗುರಿ ತಪ್ಪಿರಲಿಲ್ಲ, ಗುಂಡುಗಳು ಚರ್ಮದ ಹತ್ತಿರವೇ ಒಡೆದು ಚೂರಾಗಿದ್ದವು, ಒಳಗಿನವರೆಗೆ ಇಳಿದೇ ಇರಲಿಲ್ಲ. ವೇಗ ಹೆಚ್ಚಾದದ್ದೇ ಮುಳುವಾಗಿತ್ತು.

ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದರೆ ಒಂದಕ್ಕೊಂದು ಆಗಿಬರದ ಎರಡು ರಿಕ್ವೈರ್‌ಮೆಂಟು. ಗುಂಡು ಅರಳಲೂ ಬೇಕು, ಒಡೆಯಲೂ ಬಾರದು. ನಮ್ಮಲ್ಲಾದರೆ ಅಂಥದ್ದಕ್ಕೆ ಮೀಟಿಂಗ್ ಕರೀತಾರೆ. ನಾಸ್ಲರ್ ತಾಮ್ರದ ಸರಳಿಗೆ ಎರಡೂ ಕಡೆಯಿಂದ ತೂತು ಕೊರೆದು ನಡುವೆ ಒಂದು ಗೋಡೆ ಉಳಿಸಿದ. ಮುಂದಿನ ಕೋಣೆಯ ಸೀಸ ಅರಳಿ ಚೂರಾದರೂ ಗೋಡೆಯ ಹಿಂದಿನದ್ದು ಗಟ್ಟಿಯಾಗಿ ಒಳಕ್ಕಿಳಿಯುತ್ತೆ. 1947ರಲ್ಲಿ ಇದನ್ನಿಟ್ಟುಕೊಂಡು ಮತ್ತೆ ಮೂಸ್ ಬೇಟೆಗೆ ಹೋದಾಗ ಅವನಿಗೂ ಅವನ ಗೆಳೆಯನಿಗೂ ತಲಾ ಒಂದೇ ಗುಂಡು ಸಾಕಾಯಿತು. 1948ರಿಂದ ಅದು 'ಪಾರ್ಟಿಶನ್' ಅನ್ನೋ ಹೆಸರಲ್ಲಿ ಮಾರಾಟಕ್ಕೆ ಬಂತು.

ಆದರೂ ಮುಂದಿನ ಸೀಸ ಉದುರುತ್ತಲೇ ಇತ್ತಲ್ಲ? ಅದಕ್ಕೆ ಉತ್ತರ ಕೊಟ್ಟವನು ಬಿಲ್ ಸ್ಟೈಗರ್ಸ್. 1960ರ ದಶಕದಲ್ಲಿ ಐಡಾಹೋದಲ್ಲಿ ದಪ್ಪ ತಾಮ್ರದ ಅಂಗಿಗೆ ಸೀಸವನ್ನು ಬೆಸೆದೇ ಬಿಟ್ಟ. ಅಲ್ಲಿಯವರೆಗೆ ಸೀಸವನ್ನು ಬರೀ ಒತ್ತಿ ಕೂರಿಸ್ತಿದ್ದರು, ಡಬ್ಬಿಯೊಳಗೆ ಬೆಲ್ಲ ತುಂಬಿದ ಹಾಗೆ. ಬಿದ್ದರೆ ಬೇರೆ ಬೇರೆ. ಸೀಸ ಕರಗೋದು 327 ಡಿಗ್ರಿಗೆ, ತಾಮ್ರಕ್ಕೆ 1085 ಬೇಕು. ಹಾಗಾಗಿ ಅಂಗಿ ಕರಗದ ಹಾಗೆ ಒಳಗಿನ ಸೀಸವನ್ನಷ್ಟೇ ಕರಗಿಸಿ ಅಂಟಿಸಬಹುದು. ಬೆಸೆದ ಮೇಲೆ ತಾಮ್ರ ದಳದಳವಾಗಿ ಹಿಂದಕ್ಕೆ ಮಡಚಿಕೊಂಡರೂ ಸೀಸ ಅದಕ್ಕೇ ಅಂಟಿಕೊಂಡಿರುತ್ತೆ. ಇವನ 'ಬಿಟರ್‌ರೂಟ್' ಗುಂಡಿಗೆ ಬೇಡಿಕೆ ಎಷ್ಟಿತ್ತು ಅಂದರೆ ಅವನ ಸಣ್ಣ ವರ್ಕ್‌ಶಾಪಿಗೆ ಪೂರೈಸಲು ಆಗುತ್ತಿರಲಿಲ್ಲ.

1980ರ ದಶಕದಲ್ಲಿ ಬೇರೆಯವರು ಹಿಂದೆಯೇ ಬಂದರು. ಕಾನ್ಸಾಸ್‌ನ ಸ್ವಿಫ್ಟ್ ಎ-ಫ್ರೇಮ್‌ನಲ್ಲಿ ನಾಸ್ಲರನ ಗೋಡೆಯೂ ಇದೆ, ಮುಂದಿನ ಸೀಸಕ್ಕೆ ಬೆಸುಗೆಯೂ ಇದೆ. ಜ್ಯಾಕ್ ಕಾರ್ಟರ್‌ನ 'ಬೇರ್ ಕ್ಲಾ'ದಲ್ಲಿ ಹಿಂದಿನ ಭಾಗ ಬರೀ ಗಟ್ಟಿ ತಾಮ್ರ. ಇವೆರಡೂ ಮೂಳೆ ಒಡೆದು ಹೋದಮೇಲೂ ಶೇಕಡ 90ಕ್ಕಿಂತ ಹೆಚ್ಚು ತೂಕ ಉಳಿಸಿಕೊಳ್ಳಬಲ್ಲವು. ಆಮೇಲೆ ಬಂದ ನಾಸ್ಲರ್ ಕಂಪನಿಯದೇ 'ಅಕ್ಯುಬಾಂಡ್' ಬೆಸೆದದ್ದಾದರೂ ಬೇಕೆಂದೇ ಸ್ವಲ್ಪ ಮೆತ್ತಗೆ, 60-70 ಮಾತ್ರ. ಹಾಗಂತ ಕಡಿಮೆ ಅಲ್ಲ, ಜಿಂಕೆಗೆ ಇದೇ ವಾಸಿ ಅಂತ ನನಗನ್ನಿಸುತ್ತೆ. ಎಂಬತ್ತು ಕೆಜಿ ಜಿಂಕೆಯ ತೆಳು ಎದೆಗೂಡಿನಲ್ಲಿ ತೀರಾ ಗಟ್ಟಿ ಗುಂಡು ಅರಳೋಕೆ ಮುಂಚೆಯೇ ಆಚೆ ದಾಟಿರಬಹುದು. ಹಾಗಾದರೆ ಜಿಂಕೆ ಓಡುತ್ತೆ, ಎಲ್ಲೋ ಪೊದೆಯಲ್ಲಿ ಗಂಟೆಗಟ್ಟಲೆ ನರಳುತ್ತೆ. ಸಾಧಾರಣ ದೂರಕ್ಕೆ, ಸಾಧಾರಣ ವೇಗಕ್ಕೆ ಅಗ್ಗದ ಹಳೇ ಗುಂಡೇ ಜಿಂಕೆಗೆ ಸಾಕು. ದುಬಾರಿ ಬೆಸುಗೆ ಬೇಕಾಗೋದು ಮೂಸ್‌ನ ಹೆಗಲ ಮೂಳೆಗೆ.

ಈ ಕಥೆಯಲ್ಲಿ ನಾನು ಎಣಿಸದೇ ಇದ್ದ ಇನ್ನೊಂದು ಪ್ರಾಣಿ ಇದೆ, ಕ್ಯಾಲಿಫೋರ್ನಿಯಾದ ಕಾಂಡೋರ್ ಅನ್ನೋ ದೊಡ್ಡ ರಣಹದ್ದು. ಬೇಟೆಗಾರರು ಕಾಡಲ್ಲೇ ಬಿಟ್ಟುಹೋದ ಕರುಳು, ಕಳೇಬರ ತಿನ್ನುತ್ತೆ, ಅದರ ಜೊತೆ ಒಡೆದ ಗುಂಡಿನ ಸೀಸದ ಚೂರನ್ನೂ. 1982ರಲ್ಲಿ ಇಡೀ ಜಗತ್ತಿನಲ್ಲಿ ಉಳಿದಿದ್ದದ್ದು 22. ಸಾಕಿ ಮರಿ ಮಾಡಿಸಿ ಮತ್ತೆ ಕಾಡಿಗೆ ಬಿಟ್ಟಮೇಲೂ ಅವುಗಳನ್ನು ಹೆಚ್ಚು ಕೊಂದದ್ದು ಸೀಸವೇ. ಬೆಸೆದ ಗುಂಡು ಚೂರುಗಳನ್ನು ಕಡಿಮೆ ಮಾಡುತ್ತೆ ನಿಜ, ಪೂರ್ತಿ ನಿಲ್ಲಿಸಲ್ಲ. ರ್‍ಯಾಂಡಿ ಬ್ರೂಕ್ಸ್ 1989ರಲ್ಲೇ ಸೀಸವೇ ಇಲ್ಲದ, ಬರೀ ತಾಮ್ರದ 'ಬಾರ್ನ್ಸ್ ಎಕ್ಸ್' ಗುಂಡು ತಂದಿದ್ದ. ಕ್ಯಾಲಿಫೋರ್ನಿಯಾ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡನ್ನು ಪೂರ್ತಿ ನಿಷೇಧಿಸಿತು. ಅಲ್ಲಿಗೆ ಸ್ಟೈಗರ್ಸ್ ಅಷ್ಟು ಕಷ್ಟಪಟ್ಟು ಅಂಟಿಸಿದ ಸೀಸಕ್ಕೆ ಆ ರಾಜ್ಯದ ಕಾಡಿನಲ್ಲಿ ಜಾಗವಿಲ್ಲದಾಯಿತು.