ವಾದದ ಐದು ಮಾತುಗಳು



ಒಂದು ವಿಷಯದ ಪರ ಇಲ್ಲವೆ ವಿರೋಧವಾಗಿ ಬರೆಯಿರಿ ಎಂದು ಏಳನೆಯ, ಎಂಟನೆಯ ತರಗತಿಯಲ್ಲಿ ಹೇಳುತ್ತಾರೆ. ಪ್ರತಿಪಾದನೆ, ಕಾರಣ, ಆಧಾರ, ಆಕ್ಷೇಪ, ಸಮಾಧಾನ ಎಂಬ ಐದು ಪದ ಕಂಡರೆ ಮಕ್ಕಳಿಗೆ ದಿಗಿಲು. ಆದರೆ ಇವು ನಮಗೆ ಹೊರಗಿನಿಂದ ಬಂದವಲ್ಲ.

ತಳಿಯ ಕಡೆಗಿರುವ ನಮ್ಮ ಗುಮ್ಮಳಾಪುರದ ಹೆಸರು ಕನ್ನಡ ಸಾಹಿತ್ಯ ಚರಿತ್ರೆಯಲ್ಲಿ ನಿಂತಿರುವುದು ಒಂದು ವಾದದ ಗ್ರಂಥದಿಂದಲೇ. ಅದು ಶೂನ್ಯಸಂಪಾದನೆ. 12ನೆಯ ಶತಮಾನದ ಶರಣರ ವಚನಗಳನ್ನು ಪ್ರಶ್ನೆ, ಉತ್ತರಗಳಾಗಿ ಜೋಡಿಸಿ 15ನೆಯ ಶತಮಾನದಲ್ಲಿ ಮೊದಲು ಸಂಕಲಿಸಿದವರು ಶಿವಗಣಪ್ರಸಾದಿ ಮಹಾದೇವಯ್ಯ. ಆಮೇಲೆ ಅದನ್ನು ಪರಿಷ್ಕರಿಸಿದ ಮೂವರು ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ ಮತ್ತು ಗೂಳೂರು ಸಿದ್ಧವೀರಣ್ಣೊಡೆಯ.

ಅದರಲ್ಲಿ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ನೋಡಿ. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ. ಹೆಚ್ಚಿನದನ್ನು ತಂದಲ್ಲಿಗೇ ಹಿಂತಿರುಗಿಸಬೇಕು ಎಂದಳು ಲಕ್ಕಮ್ಮ. ಇದು ಪ್ರತಿಪಾದನೆ. ದುಡಿದು ಉಣ್ಣುವ ಶರಣರಿಗೆ ಆಸೆ ತರವಲ್ಲ ಎಂದಳು. ಇದು ಕಾರಣ. ಇನ್ನೊಂದೆಡೆ, ಸೊನ್ನಲಿಗೆಯಲ್ಲಿ ಕೆರೆ, ಗುಡಿ ಕಟ್ಟಿಸುತ್ತಿದ್ದ ಸಿದ್ಧರಾಮರನ್ನು ಅಲ್ಲಮಪ್ರಭುಗಳು ಪ್ರಶ್ನಿಸುತ್ತಾರೆ: ಹೊರಗಿನ ಕೆಲಸವೊಂದೇ ಸಾಕೇ, ತನ್ನನ್ನು ತಾನು ಅರಿಯುವುದು ಬೇಡವೇ? ಇದು ಆಕ್ಷೇಪ. ಗೆದ್ದವರ ಮಾತನ್ನಷ್ಟೇ ಉಳಿಸಿ, ಸಿದ್ಧರಾಮರ ಮಾತನ್ನು ಸಂಕಲನಕಾರರು ಬಿಟ್ಟುಬಿಡಲಿಲ್ಲ. ಎರಡೂ ಕಡೆಯ ಮಾತು ಅಲ್ಲಿದೆ.

ನಮ್ಮ ತಮಿಳು ನೆರೆಹೊರೆಯವರಿಗೂ ಇದು ಹೊಸದಲ್ಲ. ನ್ಯಾಯಶಾಸ್ತ್ರದ ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ ಎಂಬ ಐದು ಅಂಗಗಳನ್ನೇ ಹೋಲುವ ಪಕ್ಕಂ, ಏದು, ತಿಟ್ಟಾಂದಂ ಮೊದಲಾದವುಗಳನ್ನು ಮಣಿಮೇಖಲೈ ಕಾವ್ಯ ವಿವರಿಸುತ್ತದೆ.

ಕಾರಣ ಬೇರೆ, ಆಧಾರ ಬೇರೆ. ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಬಿತ್ತನೆಗೆ ಹಣವಿಲ್ಲ, ಬೆಳೆಸಾಲ ಬೇಕು ಎಂದು ರೈತ ಹೇಳಿದರೆ ಅದು ಕಾರಣ. ಪಟ್ಟಾ, ಚಿಟ್ಟಾ, ಅಡಂಗಲ್ ಮುಂದಿಟ್ಟರೆ ಅದು ಆಧಾರ. ಕಾರಣ ಎಷ್ಟೇ ನಿಜವಾಗಿರಲಿ, ಕಾಗದವಿಲ್ಲದೆ ಅರ್ಜಿ ಮುಂದಕ್ಕೆ ಹೋಗುತ್ತಿರಲಿಲ್ಲ.

ಇನ್ನು ನಮ್ಮ ಮಕ್ಕಳ ವಿಷಯಕ್ಕೇ ಬರೋಣ. 2006ರ ತಮಿಳು ಕಲಿಕಾ ಕಾಯ್ದೆಯಂತೆ ಒಂದನೆಯ ತರಗತಿಯಿಂದ ವರ್ಷಕ್ಕೊಂದು ತರಗತಿಯಂತೆ ತಮಿಳು ಕಡ್ಡಾಯವಾಗುತ್ತ ಬಂತು. 2015-16ರಲ್ಲಿ ಹತ್ತನೆಯ ತರಗತಿಗೆ ತಲುಪಿತು. ಭಾಷಾ ಅಲ್ಪಸಂಖ್ಯಾತರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2023ರಲ್ಲಿ ಸರ್ವೋಚ್ಚ ನ್ಯಾಯಾಲಯ ಒಂದು ವರ್ಷದ ವಿನಾಯಿತಿ ಕೊಟ್ಟಿತು.

ಈ ಬಗ್ಗೆ ನಿಮ್ಮ ಮಗು ಬರೆಯುತ್ತದೆ ಎನ್ನಿ. ಹತ್ತನೆಯ ತರಗತಿಯವರೆಗೂ ಕನ್ನಡಕ್ಕೆ ಪೂರ್ಣ ಸ್ಥಾನ ಬೇಕು ಎನ್ನುವುದು ಪ್ರತಿಪಾದನೆ. ಕನ್ನಡದಲ್ಲಿ ಕಲಿಯಲು ಶುರುಮಾಡಿದ ಮಗುವನ್ನು ನಡುದಾರಿಯಲ್ಲಿ ಬಿಡಬಾರದು ಎನ್ನುವುದು ಕಾರಣ. ಸಂವಿಧಾನದ 350ಎ ವಿಧಿ ಆಧಾರ. ಆದರೆ ಎಚ್ಚರಿಕೆ! ಆ ವಿಧಿ ಹೇಳುವುದು ಪ್ರಾಥಮಿಕ ಹಂತದ ಮಾತೃಭಾಷಾ ಶಿಕ್ಷಣದ ಬಗ್ಗೆ. ಹತ್ತನೆಯ ತರಗತಿಗೆ ಅದೊಂದೇ ಸಾಲದು. ಎದುರಿನವರು ಅದನ್ನು ಹಿಡಿಯುವ ಮೊದಲು ನಾವೇ ಕಾಣಬೇಕು. ತಮಿಳುನಾಡಿನಲ್ಲಿ ಬಾಳುವವರು ತಮಿಳು ಕಲಿಯಬೇಡವೇ ಎನ್ನುವುದು ಆಕ್ಷೇಪ. ಅದು ತೂಕದ ಮಾತೇ. ಹಾಗೆಂದು ಪೂರ್ತಿ ಬರೆಯಲಿ. ಸಂತೆ, ಬಸ್ಸು, ಕಚೇರಿ ಎಲ್ಲಕ್ಕೂ ತಮಿಳು ಬೇಕು, ನಾವು ಕಲಿಯುತ್ತೇವೆ; ಅದಕ್ಕಾಗಿ ಕನ್ನಡ ಬಿಡಬೇಕಾಗಿಲ್ಲ ಎನ್ನುವುದು ಸಮಾಧಾನ.

ಆಕ್ಷೇಪಕ್ಕೆ ಕೊಡುವ ಉತ್ತರಕ್ಕೂ ಮನಸ್ಸಿನ ನೆಮ್ಮದಿಗೂ ನಮ್ಮಲ್ಲಿ ಸಮಾಧಾನ ಎಂಬ ಒಂದೇ ಪದ. ಕೇಳಿದವನ ಮನಸ್ಸಿಗೆ ಒಪ್ಪಿದಾಗಲೇ ಉತ್ತರ ಪೂರ್ತಿಯಾಗುವುದು.

ನ್ಯಾಯಸೂತ್ರ ಮೂರು ಬಗೆ ಹೇಳುತ್ತದೆ. ನಿಜ ಹುಡುಕುವುದು ವಾದ. ಹೇಗಾದರೂ ಗೆಲ್ಲಬೇಕೆನ್ನುವುದು ಜಲ್ಪ. ತನ್ನದೇನನ್ನೂ ಹೇಳದೆ ಎದುರಿನವನನ್ನು ಖಂಡಿಸುತ್ತಲೇ ಇರುವುದು ವಿತಂಡ. ಎರಡು ಭಾಷೆಯವರು ಒಂದೇ ಬೀದಿಯಲ್ಲಿ ಬಾಳುವ ಊರಿಗೆ ಮೊದಲನೆಯದೇ ಸಾಕು.